ಕಡತದೊಳಗಿನ ನಂದಿದುರ್ಗ

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ಕ್ಕೆ ಮುಚ್ಚಿದವು. ಅವುಗಳಲ್ಲೊಂದಾದ ನಂದಿದುರ್ಗ ಗಣಿಯ ಶಾಫ್ಟುಗಳು, ಲೈನು ಮನೆಗಳು, ಹಿರಿಯರ ಮಾತುಗಳು, ಎಲ್ಲವನ್ನೂ ನಾನು ಎಕ್ಸೆಲ್ ಹಾಳೆಗಳಲ್ಲಿ ಬರೆದಿಡುತ್ತ ಬಂದೆ. ಬರೆದಿಡುವುದು ಸುಲಭ, ಬೇಕಾದಾಗ ಹುಡುಕಿ ತೆಗೆಯುವುದೇ ಕಷ್ಟ. ಆ ಕಷ್ಟ ನೀಗಿಸಿದ್ದು ‘ರಿಕಾಲ್’ ಎಂಬ ಮುಕ್ತ ತಂತ್ರಾಂಶ.

ಟರ್ಮಿನಲ್‌ನಲ್ಲಿ ‘ರಿಕಾಲ್‌ಇಂಡೆಕ್ಸ್’ ಎಂದು ಟೈಪಿಸಿದರೆ ಸಾಕು, ಹಾಳೆಹಾಳೆಯನ್ನೂ ಓದಿ, ಪುಸ್ತಕದ ಕೊನೆಯಲ್ಲಿರುವಂಥ ಪದಸೂಚಿಯೊಂದನ್ನು ಕಟ್ಟುತ್ತದೆ. ಮುಂದಿನ ಸಲ ಬದಲಾದ ಕಡತಗಳನ್ನಷ್ಟೇ ಮುಟ್ಟುತ್ತದೆ. ಎಕ್ಸೆಲ್ಲಿನ ಎಕ್ಸ್‌ಎಲ್‌ಎಸ್‌ಎಕ್ಸ್ ಕಡತವೆಂದರೆ ಒಂದು ಜಿಪ್ ಗಂಟು. ಬಿಚ್ಚಿ ನೋಡಿದರೆ ಪದಗಳೆಲ್ಲ ಸಾಮಾನ್ಯವಾಗಿ ಒಂದೇ ಪಟ್ಟಿಯಲ್ಲಿ, ಚೌಕಗಳಲ್ಲಿ ಆ ಪಟ್ಟಿಯ ಕ್ರಮಸಂಖ್ಯೆ ಮಾತ್ರ. ಎಷ್ಟು ಚೆಂದದ ಜಾಣತನ!

ಕನ್ನಡಿಗರಿಗೆ ಒಂದು ತೊಡಕುಂಟು. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚಿಸಿದ ಕನ್ನಡ, ಕಡತದೊಳಗೆ ರೋಮನ್ ಚಿಹ್ನೆಗಳಾಗಿ ಕೂತಿರುತ್ತದೆ. ಅಲ್ಲಿ ‘ನಂದಿದುರ್ಗ’ ಎಂದು ಕೇಳಿದರೆ ಏನೂ ಸಿಗದು. ಹಾಗೆ ಹುಡುಕಿದರೂ ಸಿಗುವಂತೆ, ಬ್ರಿಟಿಷರು ಬರೆದ ‘ನಂಡಿಡ್ರೂಗ್’ ರೂಪವನ್ನೂ ಪಕ್ಕದ ಚೌಕದಲ್ಲಿ ಸೇರಿಸಿದರೆ ಒಳ್ಳೆಯದು.

ನಿಮ್ಮ ಮನೆಯಲ್ಲೂ ಇಂಥ ಕಡತಗಳಿದ್ದರೆ, ಮೊದಲು ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಸೂಚಿ ಕಟ್ಟಿ.