ಅಂಗಡಿ ಲಾಭದ್ದು, ಕಟ್ಟಡ ಯಾರದ್ದು?

ಹಬ್ಬದ ಹಿಂದಿನ ವಾರ ಬೆಂಗಳೂರಿನಿಂದ ಕಲಬುರಗಿಗೆ ತತ್ಕಾಲ್ ಟಿಕೆಟ್ ಹಿಡಿಯಲು ಕೂತವರನ್ನು ಮಾತಾಡಿಸಿ ನೋಡಿ. ಹತ್ತು ಗಂಟೆಗೆ ಎಸಿ, ಹನ್ನೊಂದಕ್ಕೆ ಸ್ಲೀಪರ್. ಹಣ ಕಟ್ಟುವಷ್ಟರಲ್ಲಿ ವೇಟಿಂಗ್ ಲಿಸ್ಟ್. ಐಆರ್‌ಸಿಟಿಸಿಗೆ ಹಿಡಿಶಾಪ ಹಾಕದೆ ಎದ್ದವರು ಕಡಿಮೆ. ಮುಂದಿನ ಹಬ್ಬಕ್ಕೂ ಅವರು ಹೋಗುವುದು ಅಲ್ಲಿಗೇ. ಬೇರೆ ಆ್ಯಪ್‌ನಲ್ಲಿ ಬುಕ್ ಮಾಡಿದರೂ ಟಿಕೆಟ್ ಹಾದು ಬರುವುದು ಐಆರ್‌ಸಿಟಿಸಿ ಮೂಲಕವೇ. ಅದು ಬೇಡವೆಂದರೆ ನಿಲ್ದಾಣದ ಕೌಂಟರ್‌ನಲ್ಲಿ ಸರದಿ ನಿಲ್ಲಬೇಕು.

ಬೈದುಕೊಂಡೇ ಮರಳಿ ಬರುವ ಗಿರಾಕಿ ಹೂಡಿಕೆದಾರರಿಗೆ ಬಹಳ ಇಷ್ಟ. ಆದರೆ ಅವನು ಯಾಕೆ ಬರುತ್ತಾನೆ ಎಂಬುದನ್ನು ಬಿಡಿಸಿ ನೋಡಬೇಕು. ಯುರೋಪಿನಲ್ಲಿ ರಯಾನ್‌ಏರ್ ವಿಮಾನವನ್ನು ಬೈಯುತ್ತಲೇ ಹತ್ತುವವರು ಅಗ್ಗದ ದರಕ್ಕಾಗಿ ಹತ್ತುತ್ತಾರೆ. ಆ ಅಗ್ಗ ಕಂಪನಿಯದೇ ದುಡಿಮೆ. ಐಆರ್‌ಸಿಟಿಸಿಯದು ಬೇರೆ ಕಥೆ. ರೈಲು, ಬರ್ತು, ದರ ಎಲ್ಲವೂ ರೈಲ್ವೆಯವು. ಪ್ರಯಾಣಿಕರ ಸಿಟ್ಟಿನ ಬಹುಪಾಲಿಗೂ ಬರ್ತುಗಳ ಕೊರತೆಯೇ ಕಾರಣ. ಸರ್ವರ್ ಎಷ್ಟೇ ಚುರುಕಾದರೂ ಬರ್ತು ಹೆಚ್ಚುವುದಿಲ್ಲ.

2019ರ ಅಕ್ಟೋಬರ್‌ನಲ್ಲಿ ಐಆರ್‌ಸಿಟಿಸಿಯ ಐಪಿಒ ಬಂದಾಗ 320 ರೂಪಾಯಿಯ ಷೇರು ಮೊದಲ ದಿನವೇ ಇಮ್ಮಡಿಯಾಯಿತು. ಅದಕ್ಕೆ ತುಸು ಮುಂಚೆ, ಸೆಪ್ಟೆಂಬರ್ 1ರಿಂದ, ಆನ್‌ಲೈನ್ ಟಿಕೆಟ್ ಮೇಲಿನ ಕನ್ವೀನಿಯನ್ಸ್ ಫೀ ಮರಳಿತ್ತು: ಎಸಿಯಲ್ಲದ ಟಿಕೆಟ್‌ಗೆ 15 ರೂಪಾಯಿ, ಎಸಿಗೆ 30, ಮೇಲೆ ಜಿಎಸ್‌ಟಿ, ಯುಪಿಐನಲ್ಲಿ ಕಟ್ಟಿದರೆ 10 ಮತ್ತು 20. ನೋಟು ರದ್ದತಿಯ ಹೊತ್ತಿನಲ್ಲಿ, 2016ರ ನವೆಂಬರ್‌ನಲ್ಲಿ, ಇದೇ ಶುಲ್ಕವನ್ನು ಸರ್ಕಾರ ತೆಗೆದುಹಾಕಿಸಿತ್ತು. ಕೊಟ್ಟದ್ದೂ ಅದೇ ಕೈ, ಕಿತ್ತುಕೊಂಡದ್ದೂ ಅದೇ ಕೈ.

2021ರ ಅಕ್ಟೋಬರ್ 28ರ ಸಂಜೆ ಇದು ಎಲ್ಲರ ಅರಿವಿಗೆ ಬಂತು. ನವೆಂಬರ್‌ನಿಂದ ಈ ಶುಲ್ಕದ ಅರ್ಧ ರೈಲ್ವೆಗೆ ಸೇರಬೇಕೆಂದು ರೈಲ್ವೆ ಸಚಿವಾಲಯ ತಿಳಿಸಿತು. ಮರುದಿನ ಪೇಟೆ ತೆರೆದಾಗ ಷೇರು ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಅಂದೇ ಸಚಿವಾಲಯ ನಿರ್ಧಾರ ಹಿಂತೆಗೆದುಕೊಂಡಿತು, ಬೆಲೆ ಬಹುಮಟ್ಟಿಗೆ ಚೇತರಿಸಿಕೊಂಡಿತು. ಆ ಕೆಲವು ತಾಸುಗಳಲ್ಲಿ ಒಬ್ಬ ಪ್ರಯಾಣಿಕನೂ ಕಂಪನಿಯನ್ನು ಬಿಟ್ಟುಹೋಗಿರಲಿಲ್ಲ. ಗಿಜಿಗುಡುವ ಅಂಗಡಿಯ ಬಾಡಿಗೆ ಕರಾರನ್ನು ಕಟ್ಟಡದ ಮಾಲೀಕ ರಾತ್ರೋರಾತ್ರಿ ತಿದ್ದಿದಂತಾಗಿತ್ತು, ಅಷ್ಟೇ.

ಇಲ್ಲಿ ಮಾಲೀಕನೇ ದೊಡ್ಡ ಪಾಲುದಾರ ಕೂಡ. ಸರ್ಕಾರ 2020 ಮತ್ತು 2022ರ ಡಿಸೆಂಬರ್‌ಗಳಲ್ಲಿ ಪಾಲು ಮಾರಿತು. ಆಮೇಲೂ ಶೇ 62.4 ಅದರ ಬಳಿ ಉಳಿಯಿತು. ಷೇರು ಬಿದ್ದರೆ ಅದಕ್ಕೂ ನಷ್ಟ, ಹಾಗಾಗಿ ಮತ್ತೆ ಕೈ ಹಾಕದು ಎಂದು ಕೆಲವರು ವಾದಿಸುತ್ತಾರೆ. ನನಗೆ ಈ ವಾದ ಪೂರ್ತಿ ಒಪ್ಪಿಗೆಯಿಲ್ಲ. ಸರ್ಕಾರ ಪ್ರಯಾಣಿಕರ ಮತಕ್ಕೂ ಉತ್ತರ ಹೇಳಬೇಕು, ಹೇಳಲೇಬೇಕು. ಬೇರೆ ದಾರಿಯಿಲ್ಲದವರ ಮೇಲೆ ಶುಲ್ಕ ಏರಿಸುತ್ತಾ ಹೋಗುವುದನ್ನು ಹೂಡಿಕೆದಾರನಾಗಿಯೂ ನಾನು ಬಯಸಲಾರೆ.

ತ್ರೈಮಾಸಿಕ ಫಲಿತಾಂಶ ಬಂದಾಗ ನಾನು ಮೊದಲು ನೋಡುವುದು ಇಂಟರ್ನೆಟ್ ಟಿಕೆಟಿಂಗ್ ವಿಭಾಗವನ್ನು. ಅಲ್ಲಿ ನೂರು ರೂಪಾಯಿ ಆದಾಯಕ್ಕೆ ಸುಮಾರು ಎಂಬತ್ತು ಲಾಭ; ಊಟ, ರೈಲ್ ನೀರು ಅದರ ಹತ್ತಿರಕ್ಕೂ ಬರುವುದಿಲ್ಲ. ಆ ವಿಭಾಗದಿಂದ ಕನ್ವೀನಿಯನ್ಸ್ ಫೀಯ ಅರ್ಧವನ್ನು ಕಳೆದು, ಉಳಿದ ಲಾಭಕ್ಕೆ ಇಂದಿನ ಬೆಲೆಯನ್ನು ಹೋಲಿಸುತ್ತೇನೆ. ಆಗಲೂ ಬೆಲೆ ದುಬಾರಿ ಎನಿಸದಿದ್ದರೆ ಮಾತ್ರ ಕೊಳ್ಳುತ್ತೇನೆ.