ಅವರದು ತಣ್ಣೀರು, ನಮ್ಮದು ಎಸರು

ಮನೆಯಲ್ಲೇ ಪಿಜ್ಜಾ ಮಾಡೋಣವೆಂದು ಯಾರಾದರೂ ಮಾತು ತೆಗೆದರೆ ಮೊದಲು ಏಳುವ ಪ್ರಶ್ನೆ ಚೀಸಿನದು. ಯಾವ ಚೀಸ್, ಎಷ್ಟು, ಎಲ್ಲಿ ಸಿಗುತ್ತದೆ? ಆಮೇಲೆ ಓವನ್ ಮಾತು. ಹಿಟ್ಟಿನ ಬಗ್ಗೆ ಕೇಳುವವರು ಬಲು ಕಡಿಮೆ. ಪಿಜ್ಜಾ ಅಂದರೆ ಮೊದಲಿಗೂ ಕೊನೆಗೂ ರೊಟ್ಟಿಯ ಕೆಲಸ. ಮೇಲೆ ಬೀಳುವುದೆಲ್ಲ ರೊಟ್ಟಿಗೆ ಹಚ್ಚಿಕೊಂಡು ತಿನ್ನುವಂಥದ್ದು. ಹಾಗಾಗಿಯೇ ಬೀದರ್, ಭಾಲ್ಕಿ, ಔರಾದ್ ಕಡೆಯ ಮನೆಗಳಿಗೆ ಈ ಕೆಲಸ ಮುಕ್ಕಾಲು ಪಾಲು ಮೊದಲೇ ಗೊತ್ತಿದೆ ಎಂದು ನಾನು ನಂಬಿದ್ದೇನೆ. ಉಳಿದ ಕಾಲು ಪಾಲನ್ನು ಕಲಿಯಲು ಒಂದು ರಾತ್ರಿ, ಒಂದು ಭಾನುವಾರ, ಮತ್ತು ಮನೆ ತುಂಬ ಕೈಗಳು ಬೇಕು.

ಜೋಳದ ಹಿಟ್ಟಿಗೆ ಕೈ ಇಟ್ಟ ಕೂಡಲೇ ನಮ್ಮ ಕಡೆ ಹೆಣ್ಣುಮಕ್ಕಳು ನೋಡುವುದು ಒಂದನ್ನೇ. ಜಿಗಿ ಅದನೋ ಇಲ್ಲೋ? ಜಿಗಿ ಇದ್ದರೆ ರೊಟ್ಟಿ ಎಷ್ಟು ಬಡಿದರೂ ಅಂಚು ಬಿರಿಯದೆ ದೊಡ್ಡದಾಗುತ್ತದೆ. ಇಲ್ಲದಿದ್ದರೆ ಗಿರಣಿಯವನಿಗೂ ಜೋಳ ಕೊಟ್ಟವನಿಗೂ ಸೇರಿ ಬೈಗುಳ. ಗೋಧಿಯಲ್ಲಿ ನೀರು ಸೇರಿದೊಡನೆ ಬಲೆ ಕಟ್ಟುವ ಗ್ಲುಟೆನ್ ಜೋಳದಲ್ಲಿಲ್ಲ. ಅದಕ್ಕೇ ನಾವು ಎಸರು ಹಾಕುತ್ತೇವೆ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಅರೆಬೆಂದು ಅಂಟಾಗುತ್ತದೆ, ಆ ಅಂಟೇ ರೊಟ್ಟಿಯನ್ನು ಹಿಡಿದಿಡುತ್ತದೆ. ನಾದಿದ ಮೇಲೆ ತಡ ಮಾಡುವಂತಿಲ್ಲ. ಆರಿದ ಮುದ್ದೆ ಬಿರಿಯುತ್ತದೆ, ಮತ್ತೆ ಬಿಸಿನೀರು ಹಚ್ಚಿ ನಾದಬೇಕು.

ಪಿಜ್ಜಾದ ಹಿಟ್ಟು ಪ್ರತಿಯೊಂದರಲ್ಲೂ ಇದಕ್ಕೆ ತದ್ವಿರುದ್ಧ. ಅದಕ್ಕೆ ತಣ್ಣೀರು ಬೇಕು, ಹೊತ್ತು ಬೇಕು, ಬಿಟ್ಟು ಕೂರುವ ತಾಳ್ಮೆ ಬೇಕು. ಅರ್ಧ ಕಿಲೋ ಮೈದಾಕ್ಕೆ 310 ಮಿಲಿಲೀಟರ್ ನೀರು, 10 ಗ್ರಾಂ ಉಪ್ಪು, ಕಾಲು ಚಮಚ ಒಣ ಯೀಸ್ಟ್. ಸಕ್ಕರೆ ಬೇಡ, ಮೊಸರು ಬೇಡ, ಸೋಡಾ ಅಂತೂ ಬೇಡವೇ ಬೇಡ. ಎರಡು ತಾಸಿನಲ್ಲಿ ಉಬ್ಬಿಸುವ ಆಸೆಗೆ ಯೀಸ್ಟನ್ನು ಚಮಚಗಟ್ಟಲೆ ಸುರಿದರೆ ರೊಟ್ಟಿಯಲ್ಲಿ ಯೀಸ್ಟಿನ ನಾತವೇ ಉಳಿಯುತ್ತದೆ. ರುಚಿ ಹುಟ್ಟುವುದು ರಾತ್ರಿ, ನಾವು ಮಲಗಿದಾಗ. ಶನಿವಾರ ಸಂಜೆ ಪರಾತದಲ್ಲಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. ಆಗ ಹಿಟ್ಟು ನೀರು ಕುಡಿದು ತಾನಾಗಿ ಅರ್ಧ ಹದಕ್ಕೆ ಬಂದಿರುತ್ತದೆ. ಆಮೇಲೆ ಹತ್ತು ನಿಮಿಷ ನಾದಿ, ಒಂದು ತುಣುಕು ಕಿತ್ತು ಎರಡೂ ಕೈಯಿಂದ ಮೆಲ್ಲಗೆ ಬಿಡಿಸಿ ಬೆಳಕಿಗೆ ಹಿಡಿಯಿರಿ. ಹರಿಯದೆ, ಆಚೆಯ ಬೆರಳಿನ ನೆರಳು ಕಾಣುವಷ್ಟು ತೆಳ್ಳಗಾದರೆ ಹಿಟ್ಟು ಸಿದ್ಧ. ಮಕ್ಕಳು ಈ ಪರೀಕ್ಷೆಗೆ ಸಾಲುಗಟ್ಟಿ ನಿಲ್ಲುತ್ತಾರೆ, ನಿಲ್ಲಲಿ. ಒಬ್ಬೊಬ್ಬರ ಕೈಗೂ ಒಂದು ತುಣುಕು ಕೊಡಿ.

ನಮ್ಮ ಊರಿನ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಪಾರಾ 40 ಡಿಗ್ರಿ ಮುಟ್ಟುತ್ತದೆ. ಹೊರಗಿಟ್ಟ ಹಿಟ್ಟು ರಾತ್ರಿಯೆಲ್ಲ ತಾಳದೆ ಹುಳಿಯಾಗಿ, ಕೈಗಂಟುವ ಅಂಬಲಿಯಾಗುತ್ತದೆ. ಆಗ ಫ್ರಿಜ್‌ನಲ್ಲೇ ಇಡಬೇಕು. ಡಿಸೆಂಬರ್, ಜನವರಿಯಲ್ಲಿ ರಾಜ್ಯದ ಅತಿ ಕಡಿಮೆ ಉಷ್ಣಾಂಶ ಎಷ್ಟೋ ಸಲ ಬೀದರಿನಲ್ಲೇ ದಾಖಲಾಗುತ್ತದೆ. ಆ ದಿನಗಳಲ್ಲಿ ಅಡುಗೆಮನೆಯ ಮೂಲೆಯೇ ಸಾಕು. ಎಳ್ಳಮಾವಾಸ್ಯೆಯ ಸುತ್ತಮುತ್ತಲ ಚಳಿಯೇ ಪಿಜ್ಜಾ ಹಿಟ್ಟಿಗೆ ಇಲ್ಲಿ ಒಳ್ಳೆಯ ಕಾಲ.

ಬೆಳಿಗ್ಗೆ ನಾಲ್ಕು ಉಂಡೆ ಮಾಡಿ ಮತ್ತೆ ಮುಚ್ಚಿಡಿ. ಒಂದೊಂದು 200 ಗ್ರಾಂ ಚಿಲ್ಲರೆ ಬರುತ್ತದೆ. ಮುಂದಿನ ಹೆಜ್ಜೆಯಲ್ಲಿ ಲಟ್ಟಣಿಗೆಯನ್ನು ದೂರ ಇಡಬೇಕು. ಲಟ್ಟಿಸಿದರೆ ರಾತ್ರಿಯೆಲ್ಲ ಒಳಗೆ ಕಟ್ಟಿದ ಗಾಳಿ ಒಂದೇ ಏಟಿಗೆ ಹೊರಟುಹೋಗುತ್ತದೆ. ಬೆರಳ ತುದಿಯಿಂದ ನಡುವಿನಿಂದ ಹೊರಕ್ಕೆ ಒತ್ತುತ್ತ, ಅಂಚಿನಲ್ಲಿ ಬೆರಳಗಲ ಮುಟ್ಟದೆ ಬಿಟ್ಟು, ತಿರುಗಿಸುತ್ತ ದೊಡ್ಡದು ಮಾಡಬೇಕು. ಭಾಲ್ಕಿಯ ನಮ್ಮ ವೈನಿ ಮೊದಲ ಸಲ ಈ ಹಿಟ್ಟು ಮುಟ್ಟಿದಾಗ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ಜೋಳದ ರೊಟ್ಟಿ ಬಡಿದ ಕೈ ಅದು. ಅಂಗೈ ಎಲ್ಲಿ ಭಾರ ಹಾಕಬೇಕು, ಎಲ್ಲಿ ಹಗುರಾಗಬೇಕು, ಅಂಚು ಯಾವಾಗ ಬಿರಿಯುತ್ತದೆ ಎಂಬುದು ಆ ಕೈಗೆ ಗೊತ್ತು.

ಪಿಜ್ಜಾದ ಹುಟ್ಟೂರಾದ ನೇಪಲ್ಸ್‌ನವರು ಹೇಳುವುದೂ ಇದನ್ನೇ. 1984ರಲ್ಲಿ ಅಲ್ಲಿನ ಪಿಜ್ಜಾದವರು ಸಂಘ ಕಟ್ಟಿ ಹಿಟ್ಟು, ನೀರು, ಉಪ್ಪು, ಬೆಂಕಿ ಹೀಗೇ ಇರಬೇಕೆಂದು ನಿಯಮ ಬರೆದಿಟ್ಟರು. ಹಿಟ್ಟನ್ನು ಕೈಯಲ್ಲೇ ಅಗಲಿಸಬೇಕು, ಲಟ್ಟಣಿಗೆ ಕೂಡದು ಎನ್ನುವುದು ಅದರಲ್ಲೊಂದು. 2017ರಲ್ಲಿ ಯುನೆಸ್ಕೊ ಆ ಕೈಕಸುಬನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ಊರಿನವರು ತಮ್ಮ ರೊಟ್ಟಿಯನ್ನು ಇಷ್ಟು ಗೌರವದಿಂದ ಕಾಣುವುದು ನನಗೆ ತುಂಬ ಹಿಡಿಸುತ್ತದೆ. ನಮ್ಮ ರೊಟ್ಟಿಗೂ ಆ ಗೌರವ ಸಲ್ಲಬೇಕು. ಆ ಮಾತಿಗೆ ಆಮೇಲೆ ಬರುತ್ತೇನೆ.

ಬೆಂಕಿಯೇ ಕಷ್ಟದ ಭಾಗ. ನೇಪಲ್ಸ್‌ನ ಕಟ್ಟಿಗೆ ಒಲೆ 485 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ, ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೆಂದು ಹೊರಬರುತ್ತದೆ. ಮನೆಯ ಓವನ್ 250ಕ್ಕೆ ನಿಂತುಬಿಡುತ್ತದೆ. ಓವನ್ ಇರುವವರು ರೊಟ್ಟಿ ಹಂಚನ್ನು ಬೋರಲಾಗಿ ಮೇಲಿನ ಅಂತಸ್ತಿನಲ್ಲಿಟ್ಟು ಮುಕ್ಕಾಲು ತಾಸು ಕಾಯಿಸಿ, ಅದರ ಮೇಲೆ ಬೇಯಿಸಲಿ. ಆ ದಪ್ಪ ಕಬ್ಬಿಣ ಹಿಡಿದಿಟ್ಟ ಕಾವೇ ತಳವನ್ನು ಗರಿಯಾಗಿಸುತ್ತದೆ. ಓವನ್ ಇಲ್ಲದವರಿಗೆ ನಮ್ಮ ಊರಲ್ಲೇ ದಾರಿಯಿದೆ. ಬೀದರ್ ಕೋಟೆಯೊಳಗೆ ಶಾಹಿ ಮತ್ಬಖ್ ಎಂಬ ಅರಮನೆಯ ಅಡುಗೆಮನೆಯೇ ಇರುವ ಊರಿದು. ಬಿರಿಯಾನಿಯ ಹಂಡೆಗೆ ಮುಚ್ಚಳ ಹಾಕಿ ಮೇಲೆ ಕೆಂಡ ಹರಡಿ ದಮ್ ಕೊಡುವುದು ಇಲ್ಲಿ ಯಾರಿಗೂ ಹೊಸದಲ್ಲ. ಪಿಜ್ಜಾಕ್ಕೂ ಅದೇ ಬೇಕು, ಕೆಳಗೊಂದು ಕಾವು, ಮೇಲೊಂದು ಕಾವು. ಅಂಗಳದಲ್ಲಿ ಒಲೆ ಹೂಡಿ, ಹಂಚು ಹೊಗೆಯಾಡುವಷ್ಟು ಕಾದ ಮೇಲೆ ಹಿಟ್ಟು ಹಾಸಿ, ಸರಸರನೆ ಮೇಲಿನದನ್ನೆಲ್ಲ ಹರಡಿ, ಕಬ್ಬಿಣದ ಮುಚ್ಚಳ ಮುಚ್ಚಿ ಅದರ ಮೇಲೆ ಕೆಂಡ ಸುರಿಯಬೇಕು. ಆರೇಳು ನಿಮಿಷಕ್ಕೆ ಮುಚ್ಚಳ ಸರಿಸಿದರೆ ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಬೊಟ್ಟು ಕಟ್ಟಿರುತ್ತದೆ. ಕೆಂಡದ ಕೆಲಸ ಬಯಲಲ್ಲೇ ಆಗಬೇಕು, ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ ಕೂಡದು. ಇಕ್ಕಳ ದೊಡ್ಡವರ ಕೈಯಲ್ಲಿರಲಿ.

ಮೇಲಿನದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜವಾರಿ ಟೊಮೆಟೊವನ್ನು ಕೈಯಲ್ಲೇ ಹಿಸುಕಿ ಉಪ್ಪು ಹಾಕಿದರೆ ಸಾಸ್ ಮುಗಿಯಿತು, ಕುದಿಸಬೇಕಾಗಿಲ್ಲ. ಚೀಸನ್ನೂ ಮನೆಯಲ್ಲೇ ಮಾಡುವ ಹಟ ಇರುವವರು ಎಮ್ಮೆ ಹಾಲು ಹಿಡಿಯಲಿ. ಇಟಲಿಯ ಹೆಸರಾಂತ ಮೊಜರೆಲ್ಲಾ ಕೂಡ ಎಮ್ಮೆ ಹಾಲಿನದೇ. ಔರಾದ್, ಭಾಲ್ಕಿ ಸೀಮೆಯ ದೇವಣಿ ಆಕಳ ಹಾಲು ಸಿಕ್ಕರೆ ಅದೂ ಆದೀತು. ಆದರೆ ಹಾಲು ಕುದಿಸಿ ಹುಳಿ ಹಿಂಡಿದರೆ ಪನೀರ್ ಆಗುತ್ತದೆ, ಎಳೆ ಬರುವುದಿಲ್ಲ. ಒರಿಗಾನೊ ಪೊಟ್ಟಣ ಹುಡುಕುತ್ತ ಅಂಗಡಿ ಅಂಗಡಿ ಅಲೆಯುವವರಿಗೆ ಒಂದು ಮಾತು. ಅದರ ಘಾಟಿಗೆ ಕಾರಣ ಕಾರ್ವಕ್ರಾಲ್, ಥೈಮಾಲ್ ಎಂಬ ಎಣ್ಣೆಯಂಶಗಳು. ಹಿತ್ತಲ ದೊಡ್ಡಪತ್ರೆಯ ಕಂಪೂ ಅವುಗಳಿಂದಲೇ. ಅಜವಾನದಲ್ಲಿ ಥೈಮಾಲ್ ಧಾರಾಳ. ದೊಡ್ಡಪತ್ರೆಯ ಎರಡು ಎಲೆ ಸಣ್ಣಗೆ ಹೆಚ್ಚಿ ಉದುರಿಸಿ, ಸಾಕು. ಚೀಸೇ ಇಲ್ಲದ ಪಿಜ್ಜಾ ಕೂಡ ಉಂಟು. ಟೊಮೆಟೊ, ಬೆಳ್ಳುಳ್ಳಿ, ಒರಿಗಾನೊ, ಎಣ್ಣೆ ಇಷ್ಟೇ ಇರುವ ಮರಿನಾರಾ ನೇಪಲ್ಸ್‌ನ ಹಳೆಯ ಬಗೆಗಳಲ್ಲೊಂದು. ಹಿಟ್ಟು ಚೆನ್ನಾಗಿದೆಯೋ ಇಲ್ಲವೋ ತಿಳಿಯಬೇಕಾದರೆ ಅದನ್ನೇ ಮೊದಲು ಮಾಡಬೇಕು.

ನಮ್ಮ ರೊಟ್ಟಿಗೂ ಗೌರವ ಸಲ್ಲಬೇಕು ಎಂದೆನಲ್ಲ, ಈಗ ಆ ಧಪಾಟಿಯ ಮಾತು. ಪಿಜ್ಜಾದ ಹುಟ್ಟೂರಿನಿಂದ ಸಾವಿರಾರು ಮೈಲಿ ದೂರದ ನಮ್ಮ ಗಡಿಸೀಮೆಯಲ್ಲಿ, ಕನ್ನಡ ಮರಾಠಿ ಎರಡೂ ಬೆರೆತು ಆಡುವ ಔರಾದಿನ ಮನೆಗಳಲ್ಲಿ, ರೊಟ್ಟಿಯ ಜೊತೆಯ ಉಳ್ಳಾಗಡ್ಡಿ, ಮೆಣಸಿನಕಾಯಿಗಳನ್ನು ರೊಟ್ಟಿಯೊಳಗೇ ಸೇರಿಸುವ ಬಗೆ ಇದು. ಇದಕ್ಕೆ ಯಾರೂ ನಿಯಮ ಬರೆದಿಲ್ಲ. ಆಯಿಯ ಕೈ ನೋಡಿ ನಾನು ಬರೆದಿಡುತ್ತಿದ್ದೇನೆ.

ಮೂರು ಪಾಲು ಜೋಳದ ಹಿಟ್ಟು, ಒಂದೊಂದು ಪಾಲು ಗೋಧಿ, ಕಡಲೆ ಹಿಟ್ಟು. ಜೋಳ ಹಿಂಗಾರಿಯದು, ಸಿಕ್ಕರೆ ಮಾಲದಂಡಿ ತಳಿಯದು, ಹಿಟ್ಟು ಗಿರಣಿಯಿಂದ ಬಂದು ವಾರ ದಾಟಿರಬಾರದು. ಹಳೆಯ ಹಿಟ್ಟು ಕಹಿಯಾಗುತ್ತದೆ. ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಬೇಕು, ದಪ್ಪ ಹೋಳಿದ್ದರೆ ತಟ್ಟುವಾಗ ರೊಟ್ಟಿ ಹರಿಯುತ್ತದೆ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆಯನ್ನು ಕಲ್ಲಿನಲ್ಲಿ ಜಜ್ಜಬೇಕು. ಕೊತ್ತಂಬರಿ, ಅಜವಾನ, ಅರಿಶಿನ, ಬಿಳಿ ಎಳ್ಳು. ಉಪ್ಪು ಬಿದ್ದ ಮೇಲೆ ಉಳ್ಳಾಗಡ್ಡಿ ನೀರು ಬಿಡುತ್ತದೆ, ಹಾಗಾಗಿ ಕಲಸುವ ಮಜ್ಜಿಗೆಯನ್ನು ನೋಡಿಕೊಂಡು ಹಾಕಬೇಕು. ಗೋಧಿಯೂ ಕಡಲೆಯೂ ಹಿಡಿದಿಡುವುದರಿಂದ ಇಲ್ಲಿ ಎಸರು ಬೇಡ.

ಆಯಿ ಹಳೆಯ ಧೋತರದ ತುಂಡನ್ನು ನೀರಲ್ಲಿ ಅದ್ದಿ, ಹಿಂಡಿ, ಮಣೆಯ ಮೇಲೆ ಸುಕ್ಕಿಲ್ಲದೆ ಹಾಸುತ್ತಾಳೆ. ಉಂಡೆ ಇಟ್ಟು, ಒದ್ದೆ ಬೆರಳಿಂದ ತಟ್ಟುತ್ತ ಹೋಗುತ್ತಾಳೆ, ಬಟ್ಟೆಯ ನೆಯ್ಗೆ ಧಪಾಟಿಯ ಬೆನ್ನ ಮೇಲೆ ಮೂಡುತ್ತದೆ. ನಡುವೆ ಬೆರಳೂರಿ ತೂತು, ಸುತ್ತ ನಾಲ್ಕು. ಬಟ್ಟೆಯ ಎರಡು ತುದಿ ಹಿಡಿದು ಎತ್ತಿ ಕಾದ ಹಂಚಿನ ಮೇಲೆ ಮಗುಚಿ, ಬಟ್ಟೆಯ ಮೇಲೊಮ್ಮೆ ಅಂಗೈ ಆಡಿಸಿ, ಒಂದು ಮೂಲೆಯಿಂದ ಸುಲಿಯುತ್ತಾಳೆ. ತೂತುಗಳಿಗೆ ಶೇಂಗಾ ಎಣ್ಣೆ ಬಿಡುತ್ತಾಳೆ. ಎಣ್ಣೆ ತಳಕ್ಕಿಳಿದು ಚುರ್ ಎನ್ನುತ್ತದೆ, ಐದೂ ತೂತಿನ ಸುತ್ತ ಕೆಂಪು ಉಂಗುರ ಕಟ್ಟುತ್ತದೆ. ಆ ಉಂಗುರವೇ ಹದದ ಗುರುತು. ಅದು ಬರುವವರೆಗೆ ತಿರುವಿ ಹಾಕಬಾರದು.

ಧಪಾಟಿಯನ್ನು ನಿನ್ನೆ ಉಳಿದ ಹಿಟ್ಟಿಗೆ ಕೈಗೆ ಸಿಕ್ಕಿದ್ದನ್ನು ಸೇರಿಸಿ ಮುಗಿಸುವ ತಿಂಡಿಯಾಗಿ ಕಾಣುವವರಿದ್ದಾರೆ. ಅದು ತಪ್ಪು. ಜೋಳದ ಹೊಲಗಳಲ್ಲಿ ಸೋಯಾ ತುಂಬಿರುವ ಜಿಲ್ಲೆಯಲ್ಲಿ ಒಳ್ಳೆಯ ಜೋಳ ಹುಡುಕಿ ತರುವುದೇ ಒಂದು ಕೆಲಸವಾಗಿದೆ. ತಂದ ಮೇಲೆ ಅದಕ್ಕೆ ತಕ್ಕ ಆಸ್ಥೆಯೂ ಬೇಕು. ಪಿಜ್ಜಾದ ಹಿಟ್ಟಿಗೆ ಒಂದು ರಾತ್ರಿ ಕೊಡುವ ಮನೆ, ಧಪಾಟಿಗೆಂದು ಗಿರಣಿಗೆ ಒಂದು ಸಲ ಹೋಗಿ ಬರಬಹುದು.

ನಮ್ಮ ಮನೆಯಲ್ಲಿ ಎರಡೂ ಒಂದೇ ದಿನ ನಡೆಯುತ್ತವೆ. ಮೊದಲು ಪಿಜ್ಜಾ, ಏಕೆಂದರೆ ಅದಕ್ಕೆ ಹಂಚಿನ ಮೊದಲ ಕಾವು ಬೇಕು. ಮಕ್ಕಳು ಅಗಲಿಸುತ್ತಾರೆ, ಅಣ್ಣ ಕೆಂಡ ನೋಡಿಕೊಳ್ಳುತ್ತಾನೆ, ವೈನಿ ಮುಚ್ಚಳ ಎತ್ತುವ ಹೊತ್ತು ಹೇಳುತ್ತಾಳೆ. ನಾಲ್ಕೂ ಮುಗಿದು ಕೆಂಡ ಬೂದಿ ಹೊದ್ದ ಮೇಲೆ ಉಳಿಯುವ ಕಾವು ಧಪಾಟಿಗೆ ಹೇಳಿ ಮಾಡಿಸಿದ್ದು. ಆಗ ಒಲೆಯ ಮುಂದೆ ಆಯಿ ಕೂರುತ್ತಾಳೆ, ಮಕ್ಕಳು ಬಟ್ಟೆ ಸುಲಿಯುವ ಸರದಿಗೆ ಜಗಳವಾಡುತ್ತಾರೆ. ಬಿಸಿಯಿದ್ದಾಗ ಕೆನೆಮೊಸರು, ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದು, ಉಳಿದದ್ದನ್ನು ಆರಿಸಿ ಬಟ್ಟೆಯಲ್ಲಿ ಸುತ್ತಿಟ್ಟರೆ ಎರಡು ದಿನ ಕೆಡುವುದಿಲ್ಲ. ಸೋಮವಾರ ಬೆಳಿಗ್ಗೆ ಔರಾದಿಗೆ ಹೋಗುವವರ ಬುತ್ತಿ ಅದೇ.