ಅರಬ್ಬೀ ಬರಹದಲ್ಲಿ ಪರಭಾಷಾ ವ್ಯಂಜನಗಳು

ಅರಬ್ಬೀ ಗ್ರಂಥಗಳನ್ನು ಚರಿತ್ರೆಯ ಆಧಾರಗಳಾಗಿ ಬಳಸುವವರಲ್ಲಿ ಒಂದು ಮಾತು ರೂಢವಾಗಿದೆ: ಅರಬರು ಪರದೇಶದ ಹೆಸರುಗಳನ್ನು ಮನಬಂದಂತೆ ವಿಕಾರಗೊಳಿಸಿದರೆಂಬುದು. ಈ ಅಭಿಪ್ರಾಯ ವಿಚಾರಣೆಗೆ ನಿಲ್ಲುವಂಥದಲ್ಲ.

ಅರಬ್ಬೀ ವರ್ಣಮಾಲೆಯ 28 ಅಕ್ಷರಗಳಲ್ಲಿ ಪಕಾರ ಚಕಾರಗಳಿಗೆ ಸ್ಥಾನವಿಲ್ಲ. ಗ್ರಾಂಥಿಕ ಭಾಷೆಯ ಪ್ರಮಾಣೋಚ್ಚಾರಣೆಯಲ್ಲಿ ಗಕಾರವೂ ಇಲ್ಲ. 8ನೆಯ ಶತಮಾನದ ವೈಯಾಕರಣ ಸೀಬವೈಹಿ ತನ್ನ ‘ಕಿತಾಬ್’ನಲ್ಲಿ ಪಾರಸೀಕ ಶಬ್ದಗಳನ್ನು ಕುರಿತು ವಿಚಾರಮಾಡುತ್ತ, ಪಕಾರಕ್ಕೆ ಬಕಾರವಾಗಲಿ ಫಕಾರವಾಗಲಿ, ಗಕಾರಕ್ಕೆ ಸಾಮಾನ್ಯವಾಗಿ ಜಕಾರವೂ ಬರುವುದೆಂದು ಆಗಲೇ ಗುರುತಿಸಿದ್ದಾನೆ. ಗ್ರೀಕ್ ಹೆಸರುಗಳಲ್ಲಿಯೂ ಇದೇ ಕ್ರಮ ಕಾಣುತ್ತದೆ. ಪ್ಲೇಟೋ ‘ಅಫ್ಲಾತೂನ್’ ಆದನು. ವೈದ್ಯನಾದ ಗೇಲನ್ ‘ಜಾಲೀನೂಸ್’ ಆದನು. ಭಾರತದ ಚತುರಂಗವು ಪಾರಸೀಕರ ‘ಚತ್ರಂಗ್’ ಆಗಿ, ಅರಬ್ಬಿಯಲ್ಲಿ ‘ಶತ್ರಂಜ್’ ಎನಿಸಿತು: ಚಕಾರಕ್ಕೆ ಶಕಾರ, ಗಕಾರಕ್ಕೆ ಜಕಾರ.

ಆದರೆ ಕ್ರಮವುಂಟೆಂದ ಮಾತ್ರಕ್ಕೆ ಅದು ಏಕರೂಪವೆಂದು ಭಾವಿಸಬಾರದು. ಭೂಗೋಳಶಾಸ್ತ್ರವನ್ನು ಹೇಳುವ ‘ಜುಗ್ರಾಫಿಯಾ’ ಎಂಬ ಗ್ರೀಕ್ ಮೂಲದ ಒಂದೇ ಪದದಲ್ಲಿ ಮೊದಲ ಗಕಾರವು ‘ಜೀಮ್’ ಆಗಿದೆ, ಎರಡನೆಯದು ಕಂಠದ ಘರ್ಷಧ್ವನಿಯಾದ ‘ಗೈನ್’ ಆಗಿದೆ. ಇಂದಿಗೂ ಗಕಾರವನ್ನು ಬರೆಯಲು ಈಜಿಪ್ಟಿನವರು ‘ಜೀಮ್’ ಅನ್ನೇ ಬಳಸುವರು, ಏಕೆಂದರೆ ಕೈರೋದಲ್ಲಿ ಅದರ ಉಚ್ಚಾರಣೆ ಗಕಾರವೇ. ಇರಾಕಿನವರು ಪಾರಸೀಕರ ‘ಗಾಫ್’ ಅಕ್ಷರವನ್ನು ಎರವು ಪಡೆದಿದ್ದಾರೆ.

ಆದುದರಿಂದ ಅರಬ್ಬೀ ರೂಪದಿಂದ ಮೂಲರೂಪವನ್ನು ಊಹಿಸುವಾಗ ಎಚ್ಚರ ಅಗತ್ಯ. 851ರ ಅರಬ್ಬೀ ವೃತ್ತಾಂತವೂ 10ನೆಯ ಶತಮಾನದ ಅಲ್ ಮಸೂದಿಯೂ ಹೇಳುವ ‘ಬಲ್ಹರಾ’ ರಾಷ್ಟ್ರಕೂಟ ಚಕ್ರವರ್ತಿಯೆಂಬುದು ಬಹುಜನ ವಿದ್ವಾಂಸರ ಮತ. ‘ವಲ್ಲಭರಾಜ’ ಎಂಬುದು ಅದರ ಮೂಲ. ಅರಬ್ಬಿಯಲ್ಲಿ ನಮ್ಮ ವಕಾರ ಭಕಾರಗಳಿಲ್ಲದುದರಿಂದ ಹೆಸರು ಹೀಗೆ ಕೆಟ್ಟಿತೆಂದು ವಿವರಿಸುವುದು ಸುಲಭ, ಆದರೆ ಸಾಧುವಲ್ಲ. ವಕಾರಕ್ಕೆ ಸಮೀಪವಾದ ‘ವಾವ್’ ಆ ಲಿಪಿಯಲ್ಲಿ ಇದ್ದೇ ಇದೆ. ಮೇಲಾಗಿ, ಕನ್ನಡ ಶಾಸನಗಳಲ್ಲಿಯೇ ವಲ್ಲಭನು ‘ಬಲ್ಲಹ’ನಾಗಿದ್ದಾನೆ: ವಕಾರ ಬಕಾರವಾಗಿದೆ, ಭಕಾರ ಹಕಾರವಾಗಿದೆ. ಎಂದರೆ, ಅರಬ್ಬೀ ಲಿಪಿಯ ಕೊರತೆಯೆಂದು ನಾವು ಎಣಿಸುವ ಎರಡು ವ್ಯತ್ಯಾಸಗಳೂ ದಕ್ಷಿಣಾಪಥದ ಜನರ ನಾಲಗೆಯಲ್ಲಿ ಮೊದಲೇ ಆಗಿದ್ದವು.

ಹೀಗಿರುವಾಗ ‘ಬಲ್ಹರಾ’ ಎಂಬುದನ್ನು ಅಪಭ್ರಂಶವೆಂದು ಬದಿಗೊತ್ತಿ ಸಂಸ್ಕೃತ ರೂಪವನ್ನು ಮಾತ್ರ ಉಳಿಸಿಕೊಂಡರೆ, 9ನೆಯ ಶತಮಾನದ ಆಡುನುಡಿಗೆ ದೊರೆತಿರುವ ಒಂದು ಸಾಕ್ಷ್ಯವನ್ನು ನಾವೇ ಅಳಿಸಿದಂತಾಗುತ್ತದೆ. ಲಿಪಿಯ ದೋಷ ಯಾವುದು, ಕೇಳಿದ ಧ್ವನಿ ಯಾವುದು ಎಂಬ ವಿವೇಚನೆಯೇ ಇಲ್ಲಿ ಚರಿತ್ರಕಾರನ ಮೊದಲ ಕರ್ತವ್ಯ.